ವಾರಕ್ಕೊಂದು ಟ್ಯಾಂಕರ್ ತರಿಸುತ್ತಿದ್ದೇವೆ, ಗಿಡಗಳನ್ನು ಬಿಟ್ಟುಬಿಡಬೇಕೇ?

ಬಿಡಬೇಡಿ. ನೀವೇ ಬರೆದಿರುವ ಲೆಕ್ಕವನ್ನು ಒಮ್ಮೆ ನೋಡಿ. ಬೆಂಗಳೂರಿನ ಹೊರವಲಯದಲ್ಲಿ ಮನೆ, ಬೋರ್‌ವೆಲ್ ಬತ್ತಿದೆ, ನಾಲ್ಕು ಜನ, ವಾರಕ್ಕೆ 6,000 ಲೀಟರಿನ ಒಂದು ಟ್ಯಾಂಕರ್, ತಾರಸಿಯಲ್ಲಿ ಮೂವತ್ತು ಕುಂಡ, ಹಿತ್ತಲಲ್ಲಿ ಒಂದು ತೆಂಗು. ಅಲ್ಲಿಗೆ ದಿನಕ್ಕೆ ಸುಮಾರು 857 ಲೀಟರ್, ತಲೆಗೆ 214. ದೊಡ್ಡ ನಗರಗಳಿಗೆ ನೀರಿನ ಯೋಜನೆ ಮಾಡುವಾಗ ಸರ್ಕಾರ ಹಿಡಿಯುವ ಅಳತೆಯೇ ತಲೆಗೆ 135 ಲೀಟರ್. ಕುಂಡಕ್ಕೆ ದಿನಾ ಒಂದೊಂದು ಲೀಟರ್ ಹಾಕಿದರೂ ಮೂವತ್ತೇ ಲೀಟರ್ ಆಯಿತು. ಮಿಕ್ಕ ನೀರು ಎಲ್ಲಿ ಹೋಗುತ್ತಿದೆ ಅಂತ ಹುಡುಕದೆ ಗಿಡಗಳ ಮೇಲೆ ಗೂಬೆ ಕೂರಿಸುವುದು ಸರಿಯಲ್ಲ.

ಮೊದಲು 6,000 ಲೀಟರ್ ನಿಜವಾಗಿ ಬರುತ್ತಿದೆಯೇ ನೋಡಿ. ಒಂದು ಘನ ಅಡಿ ಅಂದರೆ 28.3 ಲೀಟರ್. ನಿಮ್ಮ ಸಂಪು ಎಂಟಕ್ಕೆ ಆರು ಅಡಿಯದಾದರೆ, ಪೂರ್ತಿ ಟ್ಯಾಂಕರ್ ಸುರಿದಾಗ ನೀರು ಹತ್ತಿರ ಹತ್ತಿರ ನಾಲ್ಕೂವರೆ ಅಡಿ ಏರಬೇಕು. ಒಂದು ಉದ್ದನೆ ಕೋಲಿಗೆ ಇಂಚಿನ ಗುರುತು ಹಾಕಿ, ಟ್ಯಾಂಕರ್ ಬರುವ ಮುಂಚೆ ಒಮ್ಮೆ, ಹೋದ ಮೇಲೆ ಒಮ್ಮೆ ಇಳಿಸಿ ನೋಡಿ. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ 5 ಕಿ.ಮೀ. ಒಳಗಿನ 6,000 ಲೀಟರಿಗೆ 600 ರೂಪಾಯಿ ಅಂತ ದರ ಕಟ್ಟಿತ್ತು. ಆ ದರಕ್ಕೆ ನಮ್ಮ ಬೀದಿಗೆ ಬಂದವರನ್ನು ನಾನಂತೂ ಕಾಣೆ. ದುಡ್ಡು ಹೆಚ್ಚು ತೆಗೆದುಕೊಂಡರೆ ಹಾಳಾಗಿ ಹೋಗಲಿ, ನೀರಾದರೂ ಪೂರ್ತಿ ಬರಲಿ. ಅದೇ ಕೋಲನ್ನು ರಾತ್ರಿ ಮೋಟಾರ್ ಆಫ್ ಮಾಡಿದ ಮೇಲೆ ಇಳಿಸಿ, ಬೆಳಿಗ್ಗೆ ಮತ್ತೆ ಇಳಿಸಿ. ಯಾರೂ ನೀರು ಎತ್ತದೆ ಒಂದು ಇಂಚು ಇಳಿದಿದ್ದರೆ ನೂರು ಲೀಟರಿಗೂ ಹೆಚ್ಚು ನೀರು ನೆಲದೊಳಗೆ ಹೋಗಿದೆ ಅಂತ ಅರ್ಥ.

ಸಂಪು ಸರಿಯಿದ್ದರೆ ಕಳ್ಳ ಇರುವುದು ಬಹುಪಾಲು ಫ್ಲಶ್ ಟ್ಯಾಂಕಿನಲ್ಲಿ. ಅದರೊಳಗಿನ ರಬ್ಬರ್ ಸವೆದರೆ ಹಗಲೂ ರಾತ್ರಿ ಸದ್ದಿಲ್ಲದೆ ಸೋರುತ್ತದೆ, ಬಿಳಿ ಕಮೋಡಿನಲ್ಲಿ ಕಣ್ಣಿಗೂ ಬೀಳುವುದಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಟ್ಯಾಂಕಿಗೆ ಬಿಟ್ಟು, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕೆಳಗೆ ನೀಲಿ ಬಣ್ಣ ಕಂಡರೆ ರಬ್ಬರ್ ಬದಲಿಸಿ, ಪ್ಲಂಬರ್ ಬೇಕೇ ಬೇಕು ಅಂತಿಲ್ಲ. ಟ್ಯಾಂಕು ಹಳೇ ಕಾಲದ ಹತ್ತು ಲೀಟರಿನದಾದರೆ ಒಂದು ಲೀಟರ್ ಬಾಟಲಿಗೆ ಮರಳು ತುಂಬಿ, ಮುಚ್ಚಳ ಬಿಗಿದು ಒಳಗಿಡಿ. ಇಟ್ಟಿಗೆ ಮಾತ್ರ ಬೇಡ, ಕರಗಿ ಪುಡಿ ಸಿಕ್ಕಿಕೊಳ್ಳುತ್ತದೆ.

ಏರೇಟರ್, ಅಂದರೆ ನಲ್ಲಿಯ ಬಾಯಿಗೆ ಸಿಕ್ಕಿಸಿ ನೀರಿಗೆ ಗಾಳಿ ಬೆರೆಸಿ ಬಿಡುವ ಜಾಲರಿ, ಅದರ ಬಗ್ಗೆ ಕೇಳಿದ್ದೀರಿ. ಅಡುಗೆಮನೆ ಸಿಂಕಿಗೆ, ವಾಶ್‌ಬೇಸಿನ್ನಿಗೆ ಹಾಕಿಸಿ, ಒಳ್ಳೆಯದು. ಬಚ್ಚಲಿನ ನಲ್ಲಿಗೆ ದಂಡ. ಬಕೆಟ್ ತುಂಬುವುದಕ್ಕೆ ಬೇಕಾದಷ್ಟು ನೀರು ಬೇಕೇ ಬೇಕು, ಕಾಯುವ ಹೊತ್ತು ಮಾತ್ರ ಹೆಚ್ಚುತ್ತದೆ.

ಇನ್ನು ಗಿಡಗಳು. ನನ್ನ ಲೆಕ್ಕದಲ್ಲಿ ಬರಗಾಲದಲ್ಲಿ ಗಿಡಕ್ಕೆ ಹೊಸ ನೀರು ಕೊಡಲೇಬಾರದು, ಮನೆಯಲ್ಲಿ ಒಮ್ಮೆ ಬಳಸಿದ ನೀರೇ ಅದರ ಪಾಲು. ಜಲಮಂಡಳಿ 2024ರ ಮಾರ್ಚಿನಲ್ಲೂ 2025ರ ಫೆಬ್ರವರಿಯಲ್ಲೂ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂದಿತ್ತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲದೆ ಒಂದು ಪಾತ್ರೆಗೆ ಹಿಡಿದರೆ ನಿಮ್ಮ ಕುಂಡಗಳ ಅರ್ಧ ಬಾಯಾರಿಕೆ ತೀರುತ್ತದೆ. ಆದರೆ ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನು ದಿನಾ ಕುಂಡಕ್ಕೆ ಹಾಕಬೇಡಿ. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಹೋಗುತ್ತದೆ ನಿಜ, ಆದರೆ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಕುಂಡದ ಮಣ್ಣಿಗೆ ಬಿಳಿ ಪೊರೆ ಕಟ್ಟಿ ಎಲೆಯ ಅಂಚು ಸುಡುತ್ತದೆ. ಅದು ನೆಲ ಒರೆಸುವುದಕ್ಕೆ, ಕಕ್ಕಸಿಗೆ ಸುರಿಯುವುದಕ್ಕೆ ಇರಲಿ. ಸ್ನಾನದ ನೀರು, ವಾಷಿಂಗ್ ಮೆಷಿನ್ನಿನ ಕೊನೆಯ ಜಾಲಾಡಿದ ನೀರು ತೆಂಗಿಗೆ, ಬಾಳೆಗೆ ನಡೆಯುತ್ತದೆ. ಕೊತ್ತಂಬರಿ, ಪುದೀನ, ಸೊಪ್ಪಿನ ಮಡಿಗೆ ಬೇಡ. ಈ ನೀರನ್ನು ಅವತ್ತಿಂದವತ್ತೇ ಖಾಲಿ ಮಾಡಿ, ಮರುದಿನಕ್ಕೆ ಇಟ್ಟರೆ ನಾರುತ್ತದೆ.

ಕುಂಡಗಳನ್ನು ತಾರಸಿಯ ತುಂಬ ಹರಡಿದ್ದರೆ ಗೋಡೆಯ ಪೂರ್ವ ಮಗ್ಗುಲಿಗೆ ಒತ್ತೊತ್ತಾಗಿ ಜೋಡಿಸಿ, ಮಧ್ಯಾಹ್ನದ ನಂತರ ನೆರಳು ಬೀಳುವ ಹಾಗೆ. ಕಪ್ಪು ಪ್ಲಾಸ್ಟಿಕ್ ಕುಂಡಗಳು ಬಿಸಿಲಿಗೆ ಕಾದು ಬೇರನ್ನೇ ಬೇಯಿಸುತ್ತವೆ, ಅವನ್ನು ನಡುವೆ ಇಡಿ. ಮಣ್ಣಿನ ಮೇಲೆ ಎರಡು ಇಂಚು ತರಗೆಲೆ ಅಥವಾ ತೆಂಗಿನ ನಾರು ಹೊದಿಸಿ. ಬೆರಳನ್ನು ಎರಡು ಗೆಣ್ಣಿನಷ್ಟು ಇಳಿಸಿ, ತಂಪು ತಾಗಿದರೆ ಅವತ್ತು ನೀರು ಬೇಡ. ಮಲ್ಲಿಗೆ, ದಾಸವಾಳವನ್ನು ಹಗುರಾಗಿ ಸವರಿಬಿಡಿ, ಎಲೆ ಕಡಿಮೆಯಾದಷ್ಟೂ ಕುಡಿಯುವುದೂ ಕಡಿಮೆ. ಹುಲ್ಲುಹಾಸು ಇದ್ದರೆ ಒಣಗಲಿ ಬಿಡಿ, ಅದು ಬದುಕಿಕೊಳ್ಳುತ್ತದೆ. ದೊಡ್ಡ ಕುಂಡಗಳಲ್ಲಿ ಬಣ್ಣ ಬಳಿಯದ ಚಿಕ್ಕ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ ಬಾಯಿ ಮುಚ್ಚಿ. ಮಡಕೆಯ ಗೋಡೆಯಲ್ಲಿ ಜಿನುಗುವ ನೀರನ್ನು ಬೇರು ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಸಂತೆಯಲ್ಲಿ ಮೇಣ ಬಳಿದು ಮಿಂಚಿಸಿದ ಮಡಕೆ ಕೊಟ್ಟಾರು, ಅದರಿಂದ ಹನಿಯೂ ಹೊರಬರುವುದಿಲ್ಲ.

ಒಂದೇ ಒಂದು ಗಿಡ ಉಳಿಸಬೇಕಾದ ಪ್ರಸಂಗ ಬಂದರೆ ನಾನು ತೆಂಗನ್ನು ಆರಿಸುತ್ತೇನೆ. ಅತ್ತೆಯವರ ಗುಲಾಬಿ ಬಗ್ಗೆ ನೀವು ಬರೆದಿದ್ದು ಓದಿದೆ, ಕ್ಷಮಿಸಿ. ಗುಲಾಬಿ ಮತ್ತೆ ತರಬಹುದು. ತೆಂಗಿಗೆ ಈ ಬೇಸಿಗೆ ಬಿದ್ದ ಪೆಟ್ಟು ಮುಂದಿನ ಎರಡು ವರ್ಷದ ಕಾಯಿಯಲ್ಲಿ ಕಾಣುತ್ತದೆ. ಬುಡಕ್ಕೆ ಸುರಿಯದೆ, ಬುಡದಿಂದ ಆರಡಿ ದೂರದವರೆಗೆ ತೆಳ್ಳಗೆ ಪಾತಿ ಮಾಡಿ ಅಲ್ಲಿ ಕೊಡಿ. ಪಾತಿಯ ಮೇಲೆ ಒಣ ಗರಿ, ತೆಂಗಿನ ಸಿಪ್ಪೆ ಹಾಸಿ.

ಭರಣಿ ಮಳೆಗೆ ಮುಂಚೆ ಇನ್ನೊಂದು ಕೆಲಸ ಇದೆ, ತಾರಸಿಯ ಮಳೆನೀರು ಹಿಡಿಯುವ ಏರ್ಪಾಡು. ಸಾವಿರ ಚದರಡಿ ತಾರಸಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 2,300 ಲೀಟರ್, ಸೋರಿ ಆರಿ ಎರಡು ಸಾವಿರವಂತೂ ಸಿಗುತ್ತದೆ. ಅಂದರೆ ಒಂದು ಒಳ್ಳೆಯ ಮಳೆಗೆ ನಿಮ್ಮ ಟ್ಯಾಂಕರಿನ ಮೂರನೇ ಒಂದು ಭಾಗ. ಜೋಡಣೆ ಹೇಗೆ ಅಂತ ಗೊತ್ತಾಗದಿದ್ದರೆ ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಉದ್ಯಾನವಿದೆ, ಮಾದರಿಗಳನ್ನು ಕಣ್ಣಾರೆ ನೋಡಬಹುದು. ತಾರಸಿ ಗುಡಿಸಿ, ಕೊಳವೆಯ ಬಾಯಲ್ಲಿರುವ ಕಸ ತೆಗೆಯಿರಿ. ಮೊದಲ ಹತ್ತು ನಿಮಿಷದ ನೀರು ಹೊರಗೆ ಹೋಗಲಿ, ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಬರುತ್ತದೆ. ಮಳೆನೀರಿನ ಕೊಳವೆಗೆ ಫಿಲ್ಟರ್ ಕೂರಿಸಿದ್ದರೆ ಸಂಪಿಗೆ ಬಿಡಿ. ಇಲ್ಲವಾದರೆ ಡ್ರಮ್ಮಿಗೆ ಹಿಡಿದು ಬಾಯಿಗೆ ಸೊಳ್ಳೆಪರದೆ ಕಟ್ಟಿ, ಆ ನೀರು ಪೂರ್ತಿ ಗಿಡಗಳಿಗೇ ಇರಲಿ.