ಬಡ್ ಆರ್‌ಡಿಸಿಯ ಅಸಲಿ ಸದ್ದು ಬೇಕಾದರೆ ಮೊದಲು ಇಂಜಿನ್ ಯಾವುದು ಅಂತ ಕೇಳಿ

ನಿಮ್ಮ ಎಚ್‌ಒ ಸ್ಕೇಲಿನ (ಅಸಲಿಯ 87ನೇ ಒಂದು ಭಾಗದ ಗಾತ್ರ) ಬಡ್ ಆರ್‌ಡಿಸಿ (ರೈಲ್ ಡೀಸೆಲ್ ಕಾರ್, ಬೇರೆ ಇಂಜಿನ್ ಎಳೆಯದೆ ತಾನೇ ಓಡುವ ಡೀಸೆಲ್ ರೈಲು ಬೋಗಿ) ಮಾಡೆಲ್‌ಗೆ ರೆಡಿಮೇಡ್ ಸದ್ದು ಹೊಂದುತ್ತಿಲ್ಲ, ಅಮೆರಿಕದಲ್ಲಿ ಇನ್ನೂ ಓಡುವ ಗಾಡಿ ಎಲ್ಲಿ ಸಿಗುತ್ತದೆ, ಹೇಗೆ ರೆಕಾರ್ಡ್ ಮಾಡಲಿ ಅಂತ ಕೇಳಿದ್ದೀರಿ. ಗಾಡಿ ಸಿಗುವುದು ಅಷ್ಟೇನೂ ಕಷ್ಟವಲ್ಲ. ಆ ಹಳೇ ಸದ್ದು ಸಿಗುವುದು ಕಷ್ಟ.

ಬಡ್ ಕಂಪನಿ 1949ರಿಂದ 1962ರ ತನಕ ಫಿಲಡೆಲ್ಫಿಯಾದಲ್ಲಿ ಸುಮಾರು 400 ಆರ್‌ಡಿಸಿ ಕಟ್ಟಿತು. ಮೈಯೆಲ್ಲ ಸ್ಟೇನ್‌ಲೆಸ್ ಸ್ಟೀಲ್. ಅದಕ್ಕೇ ಇಷ್ಟು ವರ್ಷವಾದರೂ ಗಟ್ಟಿಯಾಗಿ ನಿಂತಿವೆ. ಇಂಜಿನ್ ಕಥೆ ಹಾಗಲ್ಲ. ಮೊದಲು ಬೋಗಿಯ ನೆಲದಡಿ ಇದ್ದದ್ದು ಡೆಟ್ರಾಯಿಟ್ ಡೀಸೆಲ್ ಕಂಪನಿಯ 6-110 ಮಾದರಿಯ ಎರಡು ಇಂಜಿನ್, ಆರು ಸಿಲಿಂಡರಿನ ಟೂ ಸ್ಟ್ರೋಕ್. ಆಮೇಲೆ ಎಷ್ಟೋ ಗಾಡಿಗಳಿಗೆ ಕಮಿನ್ಸ್ ಫೋರ್ ಸ್ಟ್ರೋಕ್ ಕೂರಿಸಿದರು. 1800 ಆರ್‌ಪಿಎಂನಲ್ಲಿ ಟೂ ಸ್ಟ್ರೋಕ್ ಸೆಕೆಂಡಿಗೆ 180 ಸಲ ಸಿಡಿಯುತ್ತದೆ, ಫೋರ್ ಸ್ಟ್ರೋಕ್ ಬರೀ 90 ಸಲ. ಮೈಸೂರಿನ ಯೆಜ್ಡಿಗೂ ಬುಲೆಟ್‌ಗೂ ಇರುವ ವ್ಯತ್ಯಾಸ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಟೂ ಸ್ಟ್ರೋಕ್‌ನ ಜೊತೆಗೆ ಅದಕ್ಕೆ ಗಾಳಿ ತುಂಬುವ ಬ್ಲೋವರ್‌ನ ಕೀರಲು ಸದ್ದು ಬೇರೆ. ನಿಮ್ಮ ಮಾಡೆಲ್ 1950ರ ದಶಕದ ಬಣ್ಣದಲ್ಲಿದ್ದರೆ ಅದಕ್ಕೆ ಕಮಿನ್ಸ್ ಸದ್ದು ಒಪ್ಪುವುದಿಲ್ಲ.

ಎಲ್ಲಿ ಹೋಗಬೇಕು? ಕೆನಡಾದ ಒಂಟಾರಿಯೋದಲ್ಲಿ ಸಡ್ಬರಿಯಿಂದ ವೈಟ್ ರಿವರ್‌ಗೆ ಹೋಗುವ ವಿಯಾ ರೈಲ್ (ಕೆನಡಾದ ಪ್ರಯಾಣಿಕ ರೈಲು ಕಂಪನಿ) ಗಾಡಿ ಇವತ್ತಿಗೂ ಆರ್‌ಡಿಸಿಯೇ. ಸುಮಾರು 480 ಕಿ.ಮೀ. ಕಾಡಿನ ದಾರಿ, ಕೇಳಿದ ಕಡೆ ನಿಲ್ಲಿಸುತ್ತಾರೆ. ಹಾರ್ನ್, ಬಾಗಿಲು, ಹಳಿಯ ಸದ್ದಿಗೆ ಇದಕ್ಕಿಂತ ಒಳ್ಳೆ ಜಾಗವಿಲ್ಲ. ಆದರೆ ಇಂಜಿನ್ ಹೊಸದು. ಪೆನ್ಸಿಲ್ವೇನಿಯಾದಲ್ಲಿ ರೀಡಿಂಗ್ ಅಂಡ್ ನಾರ್ದರ್ನ್ ಎಂಬ ರೈಲು ಕಂಪನಿ ಪ್ರವಾಸಿಗರಿಗಾಗಿ ಆರ್‌ಡಿಸಿ ಓಡಿಸುತ್ತಾ ಬಂದಿದೆ. ಕನೆಕ್ಟಿಕಟ್‌ನ ಡ್ಯಾನ್‌ಬರಿ ರೈಲ್ವೆ ಮ್ಯೂಸಿಯಂ, ಕ್ಯಾಲಿಫೋರ್ನಿಯಾದ ನೈಲ್ಸ್ ಕ್ಯಾನ್ಯನ್ ಎಂಬ ಮ್ಯೂಸಿಯಂ ರೈಲು ಮಾರ್ಗ ಕೂಡ ನೋಡಿ. ಮ್ಯೂಸಿಯಂಗಳೇ ವಾಸಿ ಅಂತ ನನ್ನ ಅಭಿಪ್ರಾಯ. ಗಾಡಿ ನಿಧಾನ, ಸುತ್ತ ಬೇರೆ ಗಲಾಟೆ ಕಮ್ಮಿ, ನೋಡಿಕೊಳ್ಳುವವರು ಸ್ವಯಂಸೇವಕರು. ಪ್ರೀತಿಯಿಂದ ಬರೆದರೆ ಪ್ರೀತಿಯಿಂದಲೇ ಉತ್ತರ ಕೊಡುತ್ತಾರೆ. ಮೊದಲ ಪತ್ರದಲ್ಲೇ ಕೇಳಿ: ಇಂಜಿನ್ ಯಾವುದು, ಎರಡೂ ಓಡುತ್ತವೆಯಾ, ಒಂದನ್ನು ಮಾತ್ರ ಸ್ಟಾರ್ಟ್ ಮಾಡಿ ಕೊಡುತ್ತೀರಾ?

ಈ ಕೊನೆಯದು ಮುಖ್ಯ. ಎರಡು ಇಂಜಿನ್ ಯಾವತ್ತೂ ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ಓಡುವುದಿಲ್ಲ. ಸದ್ದು ಅಲೆಅಲೆಯಾಗಿ ಏರಿಳಿಯುತ್ತದೆ. ಕೇಳಲು ಬಲು ಚೆಂದ. ಆದರೆ ಅದನ್ನು ಕತ್ತರಿಸಿ ಡಿಕೋಡರ್‌ಗೆ (ಮಾಡೆಲ್ ಒಳಗೆ ಓಟ, ಸದ್ದು ನಡೆಸುವ ಚಿಪ್) ಲೂಪ್ ಮಾಡಲು, ಅಂದರೆ ಮತ್ತೆ ಮತ್ತೆ ಸುತ್ತಿ ಬರುವಂತೆ ಜೋಡಿಸಲು ಹೋದರೆ ಜೋಡಣೆ ಬಿದ್ದ ಜಾಗ ಕಿವಿಗೆ ಹೊಡೆಯುತ್ತದೆ. ಒಂದೇ ಇಂಜಿನ್ ರೆಕಾರ್ಡ್ ಮಾಡಿ, ಅದರದೇ ಪ್ರತಿಯನ್ನು ಕೊಂಚ ವೇಗ ಬದಲಿಸಿ ಎರಡನೆಯ ಇಂಜಿನ್ ಆಗಿ ಆಮೇಲೆ ಸೇರಿಸಿ. ತಣ್ಣಗಿರುವಾಗ ಸ್ಟಾರ್ಟ್ ಮಾಡುವುದನ್ನು ಬಿಡಬೇಡಿ, ಅದು ದಿನಕ್ಕೆ ಒಂದೇ ಸಲ ಸಿಗುತ್ತದೆ. ಆಮೇಲೆ ಐಡಲ್ ಎರಡು ನಿಮಿಷ, ಏರುವುದು, ಏರಿ ನಿಲ್ಲುವುದು, ಇಳಿಯುವುದು. ಇಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಚಕ್ರಕ್ಕೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವುದರಿಂದ ಗಾಡಿ ಇನ್ನೂ ಮೆಲ್ಲಗೆ ಹೊರಟಿರುವಾಗಲೇ ಇಂಜಿನ್ ಜೋರಾಗಿ ಕೂಗುತ್ತದೆ. ಡಿಕೋಡರ್‌ನಲ್ಲೂ ಸದ್ದನ್ನು ಚಕ್ರದ ವೇಗಕ್ಕೆ ಕಟ್ಟಬೇಡಿ.

ಮೈಕ್ ಒಂದನ್ನು ಪಕ್ಕದಲ್ಲಿ ನೆಲದ ಹತ್ತಿರ ಇಡಿ, ಇಂಜಿನ್ ಅಲ್ಲೇ ಇರುವುದು. ಹೊಗೆ ಹೋಗುವುದು ಚಾವಣಿ ನಡುವಿನ ಗೂಡಿನಿಂದ, ಅಲ್ಲಿಗೆ ಇನ್ನೊಂದು ಮೈಕ್ ಎತ್ತರದಲ್ಲಿರಲಿ. ಎಚ್‌ಒ ಸ್ಪೀಕರ್ ಚಿಕ್ಕದು, ತೀರ ಮಂದ್ರದ ಗುಡುಗು ಅದರಲ್ಲಿ ಬರುವುದೇ ಇಲ್ಲ. ಅದಕ್ಕೆ ಹತ್ತಿರದ ಕಟಕಟ ಸದ್ದು, ಬ್ಲೋವರ್ ಸದ್ದೇ ನಿಮಗೆ ಜಾಸ್ತಿ ಬೇಕು. ಫೋನಿನಲ್ಲಿ ಮಾಡಬೇಡಿ, ಅದು ಸಣ್ಣ ಸದ್ದನ್ನು ಎತ್ತಿ ದೊಡ್ಡದನ್ನು ತಗ್ಗಿಸಿ ಎಲ್ಲ ಸಪಾಟು ಮಾಡುತ್ತದೆ. ಹೀಗೆ ತಾನೇ ಏರಿಳಿಸುವ ಆಟೋ ಗೇನ್ ಇಲ್ಲದ ರೆಕಾರ್ಡರ್, ಗಾಳಿ ತಡೆಯುವ ಕವರ್, ಸದ್ದನ್ನು ಕುಗ್ಗಿಸದ ವೇವ್ ಫೈಲ್, ಇಷ್ಟಿದ್ದರೆ ಸಾಕು. ಅನುಮತಿ ಇಲ್ಲದೆ ಹಳಿ ಹತ್ತಿರ ಮಾತ್ರ ಹೋಗಲೇಬೇಡಿ.

ನಮ್ಮ ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜ್‌ನಲ್ಲೂ ರೈಲ್‌ಬಸ್ ಓಡುತ್ತಿತ್ತು. ಅದರ ಒಂದು ಒಳ್ಳೆ ರೆಕಾರ್ಡಿಂಗ್‌ಗಾಗಿ ನಾನು ಇನ್ನೂ ಹುಡುಕುತ್ತಲೇ ಇದ್ದೇನೆ. ಹಾಗಾಗಿ ಒಂದು ಕೋರಿಕೆ: ಕತ್ತರಿಸದ ಪೂರ್ತಿ ಫೈಲಿನ ಪ್ರತಿಯನ್ನು ಆ ಮ್ಯೂಸಿಯಂಗೂ ಕೊಡಿ, ಜೊತೆಗೆ ತಾರೀಖು, ಗಾಡಿ ನಂಬರ್, ಇಂಜಿನ್ ಹೆಸರು ಬರೆದಿಡಿ.