ಸ್ಟಾಕ್‌ಹೋಮ್‌ನಲ್ಲಿ ಟ್ಯಾಕ್ಸಿ ಇಲ್ಲದೆ ಓಡಾಡಬಹುದಾ?

ಅಪ್ಪ ಅಮ್ಮನ ಜೊತೆ ನಾಲ್ಕು ದಿನ ಹೋಗುತ್ತಿದ್ದೇವೆ, ಸ್ವೀಡಿಷ್ ಬರುವುದಿಲ್ಲ, ಟ್ಯಾಕ್ಸಿ ಇಲ್ಲದೆ ಆಗುತ್ತದಾ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನು ಅಮ್ಮನನ್ನು ಕರೆದುಕೊಂಡು ಒಂದು ವಾರ ಅಲ್ಲಿದ್ದೆ, ಒಂದು ಸಲವೂ ಟ್ಯಾಕ್ಸಿ ಹತ್ತಲಿಲ್ಲ.

ಮೆಟ್ರೊ, ಬಸ್, ಟ್ರಾಮ್, ಲೋಕಲ್ ರೈಲು ಎಲ್ಲಕ್ಕೂ ಅಲ್ಲಿನ ಸಾರಿಗೆ ಸಂಸ್ಥೆ ಎಸ್‌ಎಲ್‌ನ ಒಂದೇ ಟಿಕೆಟ್. ಅದು 75 ನಿಮಿಷ ನಡೆಯುತ್ತದೆ, ಅಷ್ಟರೊಳಗೆ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಬಹುದು, ಆದರೆ ಒಂದು ಕಾರ್ಡಿಗೆ ಒಬ್ಬರೇ. ನೀವು ಮೂವರಿದ್ದೀರಿ, ಹಾಗಾಗಿ ಒಬ್ಬೊಬ್ಬರಿಗೂ ಪಾಸ್ ತೆಗೆದುಕೊಳ್ಳುವುದೇ ಮೇಲು. 72 ಗಂಟೆಯದಕ್ಕೆ ಇನ್ನೊಂದು ದಿನ ಸೇರಿಸಿದರೆ ಎಷ್ಟಾಗುತ್ತದೆ, 7 ದಿನದ್ದು ಎಷ್ಟು ಎಂದು ಲೆಕ್ಕ ಹಾಕಿ ನೋಡಿ.

ಆರ್ಲಾಂಡ ವಿಮಾನ ನಿಲ್ದಾಣದಿಂದ ನೇರ ಎಕ್ಸ್‌ಪ್ರೆಸ್ ರೈಲು ಇದೆ, ಬೇಗ ತಲುಪುತ್ತದೆ, ದುಬಾರಿ. ಲೋಕಲ್ ರೈಲಿಗೂ ಅಲ್ಲಿ ಪ್ರತ್ಯೇಕ ಶುಲ್ಕ ಕೊಡಬೇಕು. ನಾವು 583ನೇ ಬಸ್ಸಿನಲ್ಲಿ ಮೆರ್ಸ್ತಾಗೆ ಹೋಗಿ, ಅಲ್ಲಿಂದ ಲೋಕಲ್ ರೈಲು ಹಿಡಿದೆವು. ಸ್ವಲ್ಪ ಸಮಯ ಜಾಸ್ತಿ, ಆದರೆ ಮಾಮೂಲಿ ಟಿಕೆಟ್ಟೇ ಸಾಕು.

ಮೆಟ್ರೊದಲ್ಲಿ ಒಂದು ವಿಷಯ ನೆನಪಿಡಿ: ಬಣ್ಣ ನೋಡಿ ಹತ್ತಬೇಡಿ, ಕೊನೆಯ ನಿಲ್ದಾಣದ ಹೆಸರು ನೋಡಿ ಹತ್ತಿ. ನಾವು ಉಳಿದುಕೊಂಡಿದ್ದ ಮನೆ ಆಸ್ಪುಡ್ಡೆನ್ ನಿಲ್ದಾಣದ ಹತ್ತಿರ ಇತ್ತು. ಕೆಂಪು ಮಾರ್ಗ ತಾನೆ ಎಂದು 14ನೇ ರೈಲು ಹತ್ತಿಬಿಟ್ಟೆವು. ಲಿಲ್ಯೆಹೊಲ್ಮೆನ್ ಆದ ಮೇಲೆ ಮಾರ್ಗ ಎರಡಾಗಿ ಒಡೆಯುತ್ತದೆ. ನಮಗೆ ಬೇಕಿದ್ದದ್ದು ನೋರ್ಸ್‌ಬೊರಿ ಕಡೆಯ 13. ರಾತ್ರಿ ಅಮ್ಮನ ಜೊತೆ ಗೊತ್ತಿಲ್ಲದ ನಿಲ್ದಾಣದಲ್ಲಿ ಇಳಿದಾಗ ನಿಜಕ್ಕೂ ಗಾಬರಿಯಾಗಿತ್ತು. ಬ್ಯಾಗು ನೋಡಿ ಒಬ್ಬ ಹುಡುಗಿ ತಾನಾಗಿಯೇ ಬಂದು ಇಂಗ್ಲಿಷಿನಲ್ಲಿ ದಾರಿ ಹೇಳಿದಳು. ಭಾಷೆಯ ಬಗ್ಗೆ ನನಗಿದ್ದ ಚಿಂತೆ ಅವತ್ತೇ ಹೋಯಿತು.

ಅಂದ ಹಾಗೆ, ರಸ್ತೆಯಲ್ಲಿ ವಾಹನಗಳು ಬಲಕ್ಕೆ ಓಡಿದರೂ ಮೆಟ್ರೊ ಎಡಕ್ಕೇ ಓಡುತ್ತದೆ. ಅದು ಶುರುವಾದ 1950ರಲ್ಲಿ ಸ್ವೀಡನ್ ನಮ್ಮ ಹಾಗೆ ಎಡಗಡೆ ಓಡಿಸುತ್ತಿತ್ತು, 1967ರಲ್ಲಿ ಬದಲಾಯಿತು. ರಸ್ತೆ ದಾಟುವಾಗ ಅಪ್ಪ ಅಮ್ಮನಿಗೆ ಮೊದಲು ಎಡಕ್ಕೆ ನೋಡಲು ಹೇಳಿ. ಸೈಕಲ್ ದಾರಿಯಲ್ಲಿ ಸುಮ್ನೆ ನಿಲ್ಲಬೇಡಿ.

1628ರಲ್ಲಿ ಮುಳುಗಿ, ಈಗ ಮ್ಯೂಸಿಯಂನಲ್ಲಿರುವ ವಾಸಾ ಹಡಗನ್ನು ನೋಡಲು ಯುರ್ಗೋರ್ಡೆನ್ ದ್ವೀಪಕ್ಕೆ ಹೋಗುತ್ತೀರಿ ಅಲ್ವಾ? ಟ್ರಾಮ್ ಇದೆ, ಆದರೆ ಸ್ಲುಸ್ಸೆನ್‌ನಿಂದ 82ನೇ ದೋಣಿಯಲ್ಲೇ ಹೋಗಿ. ಅದಕ್ಕೂ ಅದೇ ಪಾಸ್. ಒಳಗೆ ಕೂರಬೇಡಿ, ಹೊರಗೆ ನಿಂತು ಹಿಂದಕ್ಕೆ ನೋಡಿ, ಹಳೇ ಊರು ನೀರಿನ ಮೇಲೆ ನಿಧಾನಕ್ಕೆ ದೂರವಾಗುತ್ತದೆ. ಅಮ್ಮ ಅದಕ್ಕೆಂದೇ ಇನ್ನೆರಡು ಸಲ ಕರೆದುಕೊಂಡು ಹೋಗು ಎಂದಳು, ಹೋದೆವು.