ಕೆಲಸ ಎಲ್ಲಿ ನಿಂತಿದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರ್ಖಾನೆ, ಹೋಟೆಲು, ಮನೆಯ ಘಟಕ ಯಾವುದೇ ಇರಲಿ, ದಿನದ ಕೆಲಸವನ್ನು ಹೊಂದಿಸಿ ನಡೆಸುವ ವಿದ್ಯೆಯಾದ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಬಗ್ಗೆ ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಓದುಗರು ಕೇಳಿದ್ದಾರೆ.

ಪ್ರಶ್ನೆ: ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಪಂಪಿನ ಬುಷ್ ಮಾಡಿಕೊಡುತ್ತೇವೆ. ಒಂದು ಪೀಸಿಗೆ ಕಟಿಂಗ್ 2 ನಿಮಿಷ, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನ್) 6, ಡ್ರಿಲ್ಲಿಂಗ್ 3, ಗ್ರೈಂಡಿಂಗ್ 4 ನಿಮಿಷ ಹಿಡಿಯುತ್ತದೆ. ದಿನಕ್ಕೆ ಎರಡು ಸಲ ಸೈಜ್ ಬದಲಾಗುತ್ತದೆ, ಸಿಎನ್‌ಸಿಯಲ್ಲಿ ಒಂದೊಂದು ಸೆಟ್ಟಿಂಗ್‌ಗೂ ಒಂದೂವರೆ ಗಂಟೆ. ದಿನಕ್ಕೆ 55 ಪೀಸ್ ಕೊಡಬೇಕು, 40 ದಾಟುತ್ತಿಲ್ಲ. ಯಾರೂ ಸುಮ್ಮನೆ ಕೂತಿಲ್ಲ. ಅರ್ಧ ಕೆಲಸವಾದ 600 ಪೀಸ್ ಯಾವಾಗಲೂ ನೆಲದ ಮೇಲಿರುತ್ತದೆ. ಸಾಲ ಮಾಡಿ ಇನ್ನೊಂದು ಸಿಎನ್‌ಸಿ ತರಬೇಕೇ?

ಉತ್ತರ: ಸದ್ಯಕ್ಕೆ ಬೇಡ. ನೀವು ಕೊಟ್ಟ ಅಂಕಿಗಳನ್ನೇ ಗಂಟೆಯ ಲೆಕ್ಕಕ್ಕೆ ತಿರುಗಿಸಿ. ಕಟಿಂಗ್ ಗಂಟೆಗೆ 30 ಪೀಸ್ ಕೊಡಬಲ್ಲದು, ಡ್ರಿಲ್ಲಿಂಗ್ 20, ಗ್ರೈಂಡಿಂಗ್ 15, ಸಿಎನ್‌ಸಿ ಬರೀ 10. ಇಡೀ ವರ್ಕ್‌ಶಾಪಿನ ವೇಗ ಈ 10. ಉಳಿದ ಮೂರು ಕಡೆ ಎಷ್ಟೇ ಬೆವರು ಹರಿಸಿದರೂ ಸಂಜೆ ಡಿಸ್‌ಪ್ಯಾಚ್ ಆಗುವ ಪೀಸ್ ಒಂದೂ ಹೆಚ್ಚುವುದಿಲ್ಲ.

8 ಗಂಟೆಯ ಶಿಫ್ಟಿನಲ್ಲಿ ಊಟ, ಟೀ ಕಳೆದು 7 ಗಂಟೆ ಉಳಿಯುತ್ತದೆ ಎಂದುಕೊಳ್ಳಿ. ಎರಡು ಸೆಟ್ಟಿಂಗ್ ಸೇರಿ 3 ಗಂಟೆ ಹೋಯಿತು. ಉಳಿದ 4 ಗಂಟೆಗೆ 40 ಪೀಸ್. ನಿಮ್ಮ ಕೊರತೆ ಇರುವುದು ಮಷೀನಿನಲ್ಲಲ್ಲ, ಸೆಟ್ಟಿಂಗ್‌ನಲ್ಲಿ.

ಜಪಾನಿನ ಎಂಜಿನಿಯರ್ ಶಿಗೆಒ ಶಿಂಗೊ ಸೆಟ್ಟಿಂಗ್ ಕೆಲಸವನ್ನು ಎರಡಾಗಿ ವಿಂಗಡಿಸಿದರು: ಮಷೀನ್ ನಿಂತಾಗ ಮಾತ್ರ ಮಾಡಬಹುದಾದದ್ದು, ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದದ್ದು. ಒಂದು ಸೆಟ್ಟಿಂಗನ್ನು ಮೊಬೈಲಿನಲ್ಲಿ ಮೊದಲಿಂದ ಕೊನೆಯವರೆಗೆ ವಿಡಿಯೋ ಮಾಡಿ, ಆಪರೇಟರ್ ಜೊತೆಗೇ ಕೂತು ನೋಡಿ. ಡ್ರಾಯಿಂಗ್ ಹುಡುಕುವುದು, ಟೂಲ್ ತರಲು ಸ್ಟೋರ್‌ಗೆ ಹೋಗುವುದು, ಗೇಜ್ ಇನ್ನೊಬ್ಬರ ಟೇಬಲ್ಲಿನಿಂದ ತರುವುದು ಇವೆಲ್ಲ ಮಷೀನ್ ನಿಂತಿರುವಾಗಲೇ ನಡೆಯುತ್ತಿರುತ್ತವೆ. ಮುಂದಿನ ಜಾಬಿನ ಡ್ರಾಯಿಂಗ್, ಪೀಸನ್ನು ಹಿಡಿಯುವ ಚಕ್ಕಿನ ಜಾ, ಟೂಲ್, ಗೇಜ್, ಮೊದಲ ಕಚ್ಚಾ ಪೀಸ್ ಎಲ್ಲವನ್ನೂ ಒಂದು ಟ್ರಾಲಿಯಲ್ಲಿಟ್ಟು, ಹಿಂದಿನ ಜಾಬಿನ ಕೊನೆಯ ಹತ್ತು ಪೀಸ್ ಇರುವಾಗಲೇ ಮಷೀನಿನ ಪಕ್ಕ ನಿಲ್ಲಿಸಿ. ಮೊದಲ ಪೀಸ್ ಆದಮೇಲೆ ‘ಸೂಪರ್‌ವೈಸರ್ ಬಂದು ಓಕೆ ಮಾಡಲಿ’ ಎಂದು ಕಾಯುವ ಹೊತ್ತನ್ನು ಬೇರೆಯಾಗಿ ಬರೆದುಕೊಳ್ಳಿ. ಅನೇಕ ಕಡೆ ದೊಡ್ಡ ಸೋರಿಕೆ ಅದೇ.

ಸೆಟ್ಟಿಂಗ್ ಅರ್ಧ ಗಂಟೆಗೆ ಇಳಿದರೆ ಸಿಎನ್‌ಸಿಗೆ 6 ಗಂಟೆ ಸಿಗುತ್ತದೆ, 60 ಪೀಸ್ ಆಗುತ್ತದೆ. ಊಟದ ಅರ್ಧ ಗಂಟೆ ಬೇರೊಬ್ಬರು ನಿಂತು ಓಡಿಸಿದರೆ 65. ಬೇಕಿರುವುದು 55. ಆ ಹತ್ತರ ಅಂತರವನ್ನು ಹಾಗೇ ಬಿಡಿ, ಟೂಲ್ ಮುರಿದ ದಿನ ಅದು ನಿಮ್ಮನ್ನು ಕಾಯುತ್ತದೆ. ಸಿಎನ್‌ಸಿಗೆ ಹೋಗುವ ಮೊದಲೇ ಪೀಸ್‌ಗಳ ಅಳತೆ ನೋಡುವುದನ್ನೂ ಮರೆಯಬೇಡಿ. ಕೆಟ್ಟ ಪೀಸಿಗೆ ಆ ಮಷೀನಿನ ಆರು ನಿಮಿಷ ಕೊಟ್ಟರೆ ಅದು ತಿರುಗಿ ಬಾರದು.

ನೆಲದ ಮೇಲಿನ 600 ಪೀಸಿಗೂ ಒಂದು ಲೆಕ್ಕವಿದೆ. ಒಳಗಿರುವ ಪೀಸನ್ನು ದಿನಕ್ಕೆ ಹೊರಹೋಗುವ ಪೀಸಿನಿಂದ ಭಾಗಿಸಿದರೆ ಒಂದು ಪೀಸ್ ಒಳಗೆ ಕಳೆಯುವ ದಿನ ಸಿಗುತ್ತದೆ. ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇದು. 600ನ್ನು 40ರಿಂದ ಭಾಗಿಸಿ: 15 ದಿನ. ಮುಟ್ಟಿ ಮಾಡುವ ಕೆಲಸವೋ 15 ನಿಮಿಷ! ದಿನಕ್ಕೆ 60 ಹೊರಹೋಗಿ, ಒಳಗೆ 240 ಮಾತ್ರ ಇದ್ದರೆ 4 ದಿನ. ಅದಕ್ಕೆ ಕಟಿಂಗ್ ಮತ್ತು ಸಿಎನ್‌ಸಿ ನಡುವೆ 30 ಪೀಸಿನ ಎರಡೇ ಟ್ರೇ ಇಡಿ. ಎರಡೂ ತುಂಬಿದರೆ ಕಟಿಂಗ್ ನಿಲ್ಲಬೇಕು, ಆ ಆಪರೇಟರ್ ಮುಂದಿನ ಸೆಟ್ಟಿಂಗ್ ಟ್ರಾಲಿ ಸಿದ್ಧಮಾಡಬೇಕು. ಟೊಯೊಟಾದಲ್ಲಿ ತೈಇಚಿ ಓನೊ ರೂಪಿಸಿದ ಕಾನ್‌ಬಾನ್ ಪದ್ಧತಿಯ ತಿರುಳೂ ಇದೇ: ಮುಂದಿನವರು ಕೇಳದೆ ಹಿಂದಿನವರು ಮಾಡುವಂತಿಲ್ಲ. ಮಷೀನ್ ನಿಂತಿರುವುದನ್ನು ನೋಡಿ ಮಾಲೀಕರಿಗೆ ಮೊದಮೊದಲು ಹೊಟ್ಟೆ ಉರಿಯುತ್ತದೆ. ತಡೆದುಕೊಳ್ಳಿ.

ಆರ್ಡರ್ ದಿನಕ್ಕೆ 65 ದಾಟಿದ ಮೇಲೆ ಸಾಲದ ಮಾತು. ಆಗಲೂ ಎರಡು ಸಿಎನ್‌ಸಿ ಸೇರಿ 120 ಕೊಟ್ಟರೂ ಗ್ರೈಂಡಿಂಗ್ 105ಕ್ಕೇ ಕಟ್ಟಿಹಾಕುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಪ್ರಶ್ನೆ: ಕೋಲಾರದಲ್ಲಿ ಬಿ.ಕಾಂ. ಕೊನೆಯ ವರ್ಷ. ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಎಲ್ಲಿಂದ ಶುರುಮಾಡಲಿ? ಗಣಿತ ಕಷ್ಟ.

ಉತ್ತರ: ಸರಾಸರಿ, ಶೇಕಡಾ, ವ್ಯತ್ಯಾಸದ ಅಳತೆ ಗೊತ್ತಿದ್ದರೆ ಮೊದಲ ವರ್ಷಕ್ಕೆ ಸಾಕು. ಕಲಿಯುವ ಕ್ರಮ ಹೀಗಿರಲಿ: ಮೊದಲು ಕೆಲಸದ ಹಂತಗಳ ನಕ್ಷೆ ಮತ್ತು ಸಾಮರ್ಥ್ಯ, ಆಮೇಲೆ ಸರದಿ, ದಾಸ್ತಾನು, ಗುಣಮಟ್ಟ. ಬೇಡಿಕೆಯ ಅಂದಾಜು ಮತ್ತು ವೇಳಾಪಟ್ಟಿ ಕೊನೆಗೆ. ಎನ್‌ಪಿಟಿಇಎಲ್, ಸ್ವಯಂ ತಾಣಗಳಲ್ಲಿ ಪಾಠಗಳು ಉಚಿತವಾಗಿ ಸಿಗುತ್ತವೆ.

ಪಾಠದ ಜೊತೆಗೇ ನಿಮ್ಮ ಬೀದಿಯ ಹಿಟ್ಟಿನ ಗಿರಣಿಯ ಮುಂದೆ ಎರಡು ಗಂಟೆ ಗಡಿಯಾರ ಹಿಡಿದು ಕೂತುಕೊಳ್ಳಿ. ಯಾರು ಎಷ್ಟು ಹೊತ್ತಿಗೆ ಬಂದರು, ಅವರ ರಾಗಿ ಯಾವಾಗ ಗಿರಣಿಗೆ ಬಿತ್ತು, ಯಾವಾಗ ಮುಗಿಯಿತು, ಮೂರೇ ಕಾಲಂ ಬರೆಯಿರಿ. ಜನ ಮನಸ್ಸಿಗೆ ಬಂದ ಹೊತ್ತಿಗೆ ಬರುತ್ತಾರೆ, ಒಬ್ಬರದು ಎರಡು ಸೇರು, ಇನ್ನೊಬ್ಬರದು ಒಂದು ಮೂಟೆ. ಇಂಥ ಕಡೆ ಗಿರಣಿ ನೂರರಲ್ಲಿ 80 ಪಾಲು ಹೊತ್ತು ಓಡುತ್ತಿದ್ದರೆ ಸರದಿಯಲ್ಲಿ ಕಾಯುವ ಸಮಯ ಸರಾಸರಿ ಬೀಸುವ ಸಮಯದ ಸುಮಾರು 4 ಪಟ್ಟು. 90 ಪಾಲು ಆದರೆ 9 ಪಟ್ಟು, 95ಕ್ಕೆ 19 ಪಟ್ಟು. ನೂರಕ್ಕೆ ನೂರು ಓಡಿಸಬೇಕೆಂಬ ಆಸೆ ಏಕೆ ದುಬಾರಿ ಎಂಬುದನ್ನು ಈ ಮೂರು ಅಂಕಿಗಳಷ್ಟು ಚೆನ್ನಾಗಿ ಬೇರೇನೂ ಹೇಳಿಕೊಡದು.

ಪ್ರಶ್ನೆ: ಚಿಂತಾಮಣಿಯಲ್ಲಿ ನಮ್ಮ ಮಹಿಳಾ ಸಂಘ ರಾಗಿ ಹುರಿಹಿಟ್ಟು ಮಾಡಿ ಮಾರುತ್ತದೆ. ವರ್ಷಕ್ಕೆ 36,000 ಪ್ರಿಂಟೆಡ್ ಕವರ್ ಬೇಕು, ಒಂದಕ್ಕೆ 5 ರೂಪಾಯಿ. ಒಮ್ಮೆ ಕವರ್ ಖಾಲಿಯಾಗಿ ಕೆಲಸ ನಿಲ್ಲುತ್ತದೆ, ಇನ್ನೊಮ್ಮೆ ಗೋದಾಮು ತುಂಬ ಕವರ್. ಒಂದು ಸಲಕ್ಕೆ ಎಷ್ಟು ತರಿಸಬೇಕು, ಯಾವಾಗ?

ಉತ್ತರ: ಎರಡು ಪ್ರಶ್ನೆಗೂ ಬೇರೆ ಬೇರೆ ಲೆಕ್ಕ. ಎಷ್ಟು ಎಂಬುದಕ್ಕೆ ಅಮೆರಿಕದ ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ ಸೂತ್ರ ಇಂದಿಗೂ ನಡೆಯುತ್ತದೆ. ವರ್ಷದ ಬಳಕೆಯನ್ನು ಒಂದು ಆರ್ಡರ್‌ನ ಖರ್ಚಿನಿಂದ ಗುಣಿಸಿ, ಅದನ್ನು ಇಮ್ಮಡಿಸಿ, ಒಂದು ಕವರನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಗಾಡಿ ಬಾಡಿಗೆ, ಓಡಾಟ ಸೇರಿ ಒಂದು ಆರ್ಡರ್‌ಗೆ 500 ರೂಪಾಯಿ, ಬಡ್ಡಿ, ಜಾಗ, ಇಲಿ ಕಡಿದ ನಷ್ಟ ಸೇರಿ ಕವರಿಗೆ ವರ್ಷಕ್ಕೆ 1 ರೂಪಾಯಿ ಎಂದಿಟ್ಟುಕೊಂಡರೆ ಉತ್ತರ 6,000. ವರ್ಷಕ್ಕೆ ಆರು ಸಲ. ಆರ್ಡರ್ ಖರ್ಚು 3,000, ಸರಾಸರಿ ಅರ್ಧದಷ್ಟು ಕವರ್ ಒಳಗಿರುವುದರಿಂದ ಇಟ್ಟುಕೊಳ್ಳುವ ಖರ್ಚು 3,000, ಒಟ್ಟು 6,000 ರೂಪಾಯಿ.

ಈ ಸಂಖ್ಯೆಗೇ ಅಂಟಿಕೊಳ್ಳಬೇಕಿಲ್ಲ. 4,000 ತರಿಸಿದರೆ ಒಟ್ಟು ಖರ್ಚು 6,500, 12,000 ತರಿಸಿದರೂ 7,500. ಪ್ರಿಂಟರ್ 5,000ದ ಲೆಕ್ಕದಲ್ಲೇ ಕೊಡುವುದಾದರೆ 5,000 ತನ್ನಿ. ಲೇಬಲ್ಲಿನ ಮಾಹಿತಿ ಬದಲಾದರೆ ಹಳೆಯ ಕವರ್ ರದ್ದಿಯಾಗುವುದರಿಂದ ಕಡಿಮೆ ಕಡೆಗೆ ವಾಲುವುದೇ ಕ್ಷೇಮ. ಬೆಲೆ, ತಾರೀಖು, ಬ್ಯಾಚ್ ನಂಬರನ್ನು ಮೊದಲೇ ಅಚ್ಚು ಹಾಕಿಸಬೇಡಿ, ತುಂಬುವಾಗ ಮುದ್ರೆ ಒತ್ತಿ.

ಯಾವಾಗ ಎಂಬುದಕ್ಕೆ: ವರ್ಷಕ್ಕೆ 300 ದಿನ ಕೆಲಸವಾದರೆ ದಿನಕ್ಕೆ 120 ಕವರ್. ಪ್ರಿಂಟ್ ಆಗಿ ಬರಲು ಕೆಲಸದ 15 ದಿನ ಬೇಕಾದರೆ 1,800. ತಡವಾದರೆ ಇರಲಿ ಎಂದು ಇನ್ನು 5 ದಿನದ 600. ಒಟ್ಟು 2,400 ಕವರನ್ನು ಒಂದು ಚೀಲದಲ್ಲಿ ಕಟ್ಟಿ ಕೆಂಪು ದಾರ ಬಿಗಿಯಿರಿ. ಹೊರಗಿನದು ಮುಗಿದು ಆ ದಾರ ಬಿಚ್ಚುವವರು ಅದೇ ದಿನ ಪ್ರಿಂಟರ್‌ಗೆ ಫೋನ್ ಮಾಡಬೇಕು. ಪುಸ್ತಕವನ್ನೇ ನೋಡಬೇಕಿಲ್ಲ.

ರಾಗಿಗೆ ಮಾತ್ರ ಈ ಸೂತ್ರ ಹಚ್ಚಬೇಡಿ. ಇದು ವರ್ಷವಿಡೀ ಒಂದೇ ಬೆಲೆ ಎಂದು ನಂಬಿಕೊಂಡು ಹೊರಡುವ ಲೆಕ್ಕ. ಸುಗ್ಗಿಯಲ್ಲಿ ಕೊಳ್ಳುವ ರಾಗಿಯ ಬೆಲೆ ಹಾಗಿರುವುದಿಲ್ಲ. ಅಲ್ಲಿ ಸುಗ್ಗಿಯ ಬೆಲೆಗೂ ಆಮೇಲಿನ ಬೆಲೆಗೂ ಇರುವ ಅಂತರವನ್ನು ಬಡ್ಡಿ, ಗೋದಾಮಿನ ಖರ್ಚಿನೊಂದಿಗೆ ತೂಗಿ ನೋಡಿ.

ಪ್ರಶ್ನೆ: ಕ್ಯಾತ್ಸಂದ್ರದ ಹತ್ತಿರ ತಟ್ಟೆ ಇಡ್ಲಿ ಹೋಟೆಲು. ಒಂದು ಸಲಕ್ಕೆ 24 ಬೇಯುವ ಎರಡು ಪಾತ್ರೆ ಇವೆ. ಬೇಯಲು 12 ನಿಮಿಷ, ತೆಗೆದು ಹಾಕಲು 3. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆಗೆ 340 ಇಡ್ಲಿ ಹೋಗುತ್ತದೆ. ಎಂಟು ಗಂಟೆಗೆ ಗಿರಾಕಿಗಳು ಕಾಯಲಾರದೆ ಎದ್ದು ಹೋಗುತ್ತಾರೆ.

ಉತ್ತರ: ಗಂಟೆಗೆ ನಿಮ್ಮ ಸಾಮರ್ಥ್ಯ 192, ಬೇಡಿಕೆ ಸರಾಸರಿ 170. ಸರಾಸರಿ ಇಲ್ಲಿ ಮೋಸ ಮಾಡುತ್ತದೆ. ಅರ್ಧ ಅರ್ಧ ಗಂಟೆಗೆ ಎಷ್ಟು ಹೋಯಿತೆಂದು ಒಂದು ವಾರ ಬರೆಯಿರಿ. ಎಂಟರಿಂದ ಎಂಟೂವರೆಗೆ 120 ಕೇಳುತ್ತಾರೆ ಎಂದಾದರೆ, ಆ ಅರ್ಧ ಗಂಟೆಗೆ ನೀವು ಬೇಯಿಸುವುದು 96. ಕೊರತೆ 24, ಅಂದರೆ ಸರಿಯಾಗಿ ಒಂದು ಪಾತ್ರೆ. ಎಂಟಕ್ಕೆ ಐದು ನಿಮಿಷ ಮೊದಲು ಇಳಿಯುವಂತೆ ಮೂರನೆಯದೊಂದು ಪಾತ್ರೆ ಇಡಿ, ಆ ಹೊತ್ತಿಗೆ ಮಾತ್ರ. ಅದಕ್ಕೂ ಬಹಳ ಮೊದಲು ಬೇಯಿಸಿಟ್ಟರೆ ಮುಚ್ಚಳದ ನೀರು ತೊಟ್ಟಿಕ್ಕಿ ಇಡ್ಲಿ ಮೆತ್ತಗಾಗುತ್ತದೆ.

ಇನ್ನೊಂದು, ಇದಕ್ಕೆ ಕಾಸೂ ಬೇಡ. ಎರಡು ಪಾತ್ರೆಯನ್ನೂ ಒಟ್ಟಿಗೆ ಒಲೆಗಿಟ್ಟರೆ 15 ನಿಮಿಷಕ್ಕೊಮ್ಮೆ 48 ಇಡ್ಲಿ ಬರುತ್ತದೆ, ನಡುವೆ ಏನೂ ಇಲ್ಲ. ಒಂದನ್ನು ಏಳೆಂಟು ನಿಮಿಷ ತಡವಾಗಿ ಇಟ್ಟರೆ ಅಷ್ಟಷ್ಟು ಹೊತ್ತಿಗೇ 24 ಬಿಸಿ ಇಡ್ಲಿ ಇಳಿಯುತ್ತಿರುತ್ತದೆ.

ಪ್ರಶ್ನೆ: ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ. ರೆಂಡಿಟ್ಟಾ ಒಂದು ಲಾಟಿಗೆ 7, ಇನ್ನೊಂದಕ್ಕೆ 7.5, ಒಮ್ಮೆ 8.1 ಬಂತು. ಹೆಚ್ಚಾದಾಗಲೆಲ್ಲ ಕೆಲಸದವರನ್ನು ಕೇಳುತ್ತೇನೆ, ಅವರು ಗೂಡೇ ಸರಿಯಿಲ್ಲ ಎನ್ನುತ್ತಾರೆ. ಸತ್ಯ ತಿಳಿಯುವುದು ಹೇಗೆ?

ಉತ್ತರ: ರೆಂಡಿಟ್ಟಾ ಎಂದರೆ ಒಂದು ಕಿಲೋ ನೂಲಿಗೆ ಹಿಡಿದ ಗೂಡಿನ ಕಿಲೋ ಎಂದು ಇತರ ಓದುಗರಿಗೆ ಹೇಳಿಬಿಡೋಣ. ಗೂಡು ಕಿಲೋಗೆ 600 ರೂಪಾಯಿ ಇದ್ದರೆ ಅರ್ಧ ಅಂಕ ಏರಿದರೂ ಕಿಲೋ ನೂಲಿಗೆ 300 ರೂಪಾಯಿ ಹೋಯಿತು. ನಿಮ್ಮ ಕಳವಳ ನ್ಯಾಯವಾದದ್ದೇ.

ಮೊದಲು ತೂಕವನ್ನು ಸರಿಮಾಡಿಕೊಳ್ಳಿ. ಹಸಿ ಗೂಡು ದಿನದಿನಕ್ಕೂ ತೂಕ ಕಳೆದುಕೊಳ್ಳುತ್ತದೆ, ಬಿಸಿಗಾಳಿಗೆ ಒಣಗಿಸಿದರೆ ಇನ್ನೂ ಹೆಚ್ಚು. ಒಂದು ಲಾಟಿಗೆ ಮಾರುಕಟ್ಟೆಯ ತೂಕ, ಇನ್ನೊಂದಕ್ಕೆ ಬಿಚ್ಚುವ ದಿನದ ತೂಕ ಹಿಡಿದರೆ ಲೆಕ್ಕವೇ ಸುಳ್ಳು. ಸದಾ ಮಾರುಕಟ್ಟೆಯ ತೂಕವನ್ನೇ ಬರೆಯಿರಿ. ಮಿಶ್ರತಳಿ, ದ್ವಿತಳಿ ಗೂಡಿಗೆ ಬೇರೆ ಬೇರೆ ಹಾಳೆ ಇರಲಿ.

ಆಮೇಲೆ 20 ಲಾಟಿನ ರೆಂಡಿಟ್ಟಾವನ್ನು ಸಾಲಾಗಿ ಬರೆದು ಸರಾಸರಿ ತೆಗೆಯಿರಿ. ಒಂದು ಲಾಟಿಗೂ ಅದರ ಹಿಂದಿನದಕ್ಕೂ ಇರುವ ವ್ಯತ್ಯಾಸಗಳ ಸರಾಸರಿಯನ್ನೂ ತೆಗೆದು ಈ ಲೆಕ್ಕದ ಸ್ಥಿರ ಸಂಖ್ಯೆಯಾದ 2.66ರಿಂದ ಗುಣಿಸಿ. ಸರಾಸರಿ 7.2, ವ್ಯತ್ಯಾಸದ ಸರಾಸರಿ 0.15 ಇದ್ದರೆ ಗುಣಲಬ್ಧ 0.4. ಅದನ್ನು ಸರಾಸರಿಯಿಂದ ಕಳೆದು, ಸರಾಸರಿಗೆ ಕೂಡಿಸಿ ನೋಡಿದರೆ 6.8ರಿಂದ 7.6ರವರೆಗಿನ ಏರಿಳಿತ ನಿಮ್ಮ ಘಟಕದ ಸಹಜ ಉಸಿರಾಟ. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಆರಂಭಿಸಿದ ನಿಯಂತ್ರಣ ನಕ್ಷೆಯ ವಿಚಾರವೇ ಇದು. 7.5 ಬಂದಾಗ ಕೆಲಸದವರನ್ನು ಕೇಳಿದರೆ ಅವರಲ್ಲಿ ಉತ್ತರವಿರುವುದಿಲ್ಲ, ಏಕೆಂದರೆ ಪ್ರತ್ಯೇಕ ಕಾರಣವೇ ಇರುವುದಿಲ್ಲ. ಆ ಏರಿಳಿತದ ಮಿತಿಗಳನ್ನೇ ಕೆಳಗಿಳಿಸಬೇಕಾದರೆ ನೀರು, ಗೂಡು ಬೇಯಿಸುವ ಕ್ರಮ, ಗೂಡಿನ ಆಯ್ಕೆಯನ್ನು ಬದಲಿಸುವ ಅಧಿಕಾರವಿರುವ ನೀವೇ ಕೈಹಾಕಬೇಕು.

8.1ರ ಮಾತು ಬೇರೆ. ಅಂಥ ಲಾಟು ಬಂದ ದಿನವೇ ನೋಡಿ: ಡಬಲ್ ಗೂಡು, ಕಲೆಯ ಗೂಡು ಎಷ್ಟಿತ್ತು, ಪತಂಗ ಹೊರಬಂದು ತೂತಾದ ಗೂಡು ಸೇರಿತ್ತೇ, ಹೆಚ್ಚು ಬೆಂದು ಎಳೆಯ ತುದಿ ಹಿಡಿಯುವಾಗ ಪೋಲಾಗಿದೆಯೇ, ಕಡಿಮೆ ಬೆಂದು ಎಳೆ ಪದೇಪದೇ ತುಂಡಾಗಿದೆಯೇ, ಬೇಸಿನ್ ನೀರು ಎಷ್ಟು ಬಿಸಿ ಇತ್ತು. ಪೋಲಾದ ಎಳೆಯನ್ನೂ ಲಾಟಿಗೆ ಲಾಟು ಬೇರೆಯಾಗಿ ತೂಗಿಟ್ಟಿದ್ದರೆ ತಪ್ಪು ಗೂಡಿನದೋ ಬೇಯಿಸಿದ್ದರದೋ ಎಂದು ತಕ್ಕಡಿಯೇ ಹೇಳುತ್ತದೆ. ಒಂದು ವಾರ ದಾಟಿದರೆ ಯಾರಿಗೂ ಇದು ನೆನಪಿರುವುದಿಲ್ಲ.